ಕಲ್ಲಿನ ಬೇಟೆ, ಉಣ್ಣೆಯ ಬೇಟೆ

ಹೊಸಪೇಟೆಯಿಂದ ಸುಮಾರು 13 ಕಿಲೋಮೀಟರ್ ದೂರದಲ್ಲಿರುವ ಹಂಪಿಯು ಒಂದು ಕಾಲಕ್ಕೆ ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆದ ಸ್ಥಳ. ಅಲ್ಲಿಯ ಅರಮನೆಯ ಆವರಣದಲ್ಲಿ ಮಹಾನವಮಿ ದಿಬ್ಬವೆಂಬ ಎತ್ತರವಾದ ಕಲ್ಲಿನ ಜಗತಿಯಿದೆ. ಅದರ ಗೋಡೆಗಳ ಮೇಲೆ ಸಾಲುಸಾಲಾಗಿ ಉಬ್ಬುಶಿಲ್ಪಗಳಿವೆ. ಒಂದೆಡೆ ಆನೆ, ಕುದುರೆ, ಒಂಟೆಗಳು ಸಾಗುತ್ತಿವೆ; ಮತ್ತೊಂದೆಡೆ ಬಿಲ್ಲು, ಈಟಿಗಳನ್ನು ಹಿಡಿದ ಬೇಟೆಗಾರರು ಜಿಂಕೆಗಳನ್ನು ಅಟ್ಟುತ್ತಿದ್ದಾರೆ. ಶಾಸನಗಳು ಅರಸರ ಹೆಸರುಗಳನ್ನು ತಿಳಿಸಿದರೆ, ಈ ಶಿಲ್ಪಗಳು ಹೆಸರಿಲ್ಲದ ಜನರ ಬದುಕನ್ನು ತಿಳಿಸುತ್ತವೆ.

ಹಂಪಿಯಲ್ಲಿ ಇಮ್ಮಡಿ ದೇವರಾಯನು ಆಳುತ್ತಿದ್ದ 15ನೆಯ ಶತಮಾನದ ಮೊದಲರ್ಧದಲ್ಲಿ ಯುರೋಪಿನ ನೆದರ್ಲೆಂಡ್ಸ್ ಪ್ರಾಂತದ ನೇಕಾರರೂ ಬೇಟೆಯ ಚಿತ್ರಗಳನ್ನು ರಚಿಸುತ್ತಿದ್ದರು. ಅವರ ಸಾಧನ ಉಳಿಯಲ್ಲ, ಮಗ್ಗ. ಉಣ್ಣೆಯ ಹಾಸಿನ ಮೇಲೆ ಬಣ್ಣಬಣ್ಣದ ಹೊಕ್ಕನ್ನು ನೆಯ್ದು ಕರಡಿ, ಹಂದಿ, ಜಿಂಕೆಗಳ ಬೇಟೆಯನ್ನು ಅವರು ಮೂಡಿಸಿದರು. ಶ್ರೀಮಂತರು ಇಂತಹ ಚಿತ್ರಪಟಗಳನ್ನು ಗೋಡೆಗಳಿಗೆ ತೂಗುಹಾಕುತ್ತಿದ್ದರು. ಅಂತಹ ನಾಲ್ಕು ಪಟಗಳು ಇಂಗ್ಲೆಂಡಿನ ಹಾರ್ಡ್‌ವಿಕ್ ಭವನವನ್ನು ಸೇರಿದವು. ಕಾಲಕ್ರಮದಲ್ಲಿ ಅವುಗಳನ್ನು ತುಂಡರಿಸಲಾಗಿತ್ತು. ಮುಂದೆ ಕುಶಲಿಗಳು ಆ ತುಂಡುಗಳನ್ನು ಜೋಡಿಸಿ ಹೊಲಿದರು. ಇಂದು ಅವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಹಂಪಿಯಲ್ಲಿಯೂ ಬಟ್ಟೆಯ ವೈಭವವಿತ್ತು. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಉತ್ಸವದ ಕಾಲದಲ್ಲಿ ‘ವಿಜಯಭವನ’ದ ಮೇಲೆ ದೇವರಿಗಾಗಿ ಬಟ್ಟೆಯ ಕೋಣೆಯನ್ನು ಕಟ್ಟಿದ್ದರೆಂದು ಬರೆದಿದ್ದಾನೆ. ಆ ಭವನವು ಮಹಾನವಮಿ ದಿಬ್ಬವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1565ರ ಯುದ್ಧದ ತರುವಾಯ ನಗರವು ಹಾಳಾಯಿತು. ಬಟ್ಟೆ ಉಳಿಯಲಿಲ್ಲ, ಮರದ ಮಂಟಪವೂ ಉಳಿಯಲಿಲ್ಲ, ಕಲ್ಲು ಮಾತ್ರ ಉಳಿಯಿತು.

ಆದರೆ ಕಲ್ಲು ಗಟ್ಟಿಯೆಂದು ನಿಶ್ಚಿಂತರಾಗಿರುವುದು ಸಲ್ಲದು. ಹುಳು ತಿನ್ನಬಹುದಾದ ಉಣ್ಣೆಯು ಮನುಷ್ಯನ ಆರೈಕೆಯಿಂದ ಶತಮಾನಗಳನ್ನು ದಾಟಿತು. ಮನುಷ್ಯನ ಅಲಕ್ಷ್ಯವಾದರೋ ಕಲ್ಲನ್ನೂ ಕೆಡಿಸಬಲ್ಲದು. ಮೊಳೆಯಿಂದ ಗೀಚಿದ ಒಂದು ಹೆಸರು ಶಿಲ್ಪಿಯ ಹಲವು ದಿನಗಳ ಶ್ರಮವನ್ನು ಅಳಿಸುತ್ತದೆ.

ಈ ಮಾತು ಚಿತ್ರಗಳಿಗೆ ಹೇಗೋ ಕಾಡಿನ ಜೀವಿಗಳಿಗೂ ಹಾಗೆಯೇ ಅನ್ವಯಿಸುತ್ತದೆ. ಅಂದು ಬೇಟೆಯು ಅರಸರ ಹೆಮ್ಮೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಅಪರಾಧವೆಂದು ಸಾರಿತು. ಹಂಪಿ, ಕಂಪ್ಲಿ, ಸಂಡೂರುಗಳ ನಡುವಣ ಕಲ್ಲುಗುಡ್ಡಗಳಲ್ಲಿ ವಾಸಿಸುವ ಕರಡಿಗಳಿಗಾಗಿ 1994ರಲ್ಲಿ ದರೋಜಿ ಕರಡಿಧಾಮವು ಸ್ಥಾಪನೆಯಾಯಿತು. ಮೃಗಗಳು ಅಳಿದು ಅವುಗಳ ಚಿತ್ರಗಳು ಮಾತ್ರ ಉಳಿದರೆ ಅದು ನಾಡಿಗೆ ಶೋಭೆಯಲ್ಲ. ಹಿರಿಯರು ಬಿಟ್ಟುಹೋದ ಶಿಲ್ಪವನ್ನೂ ಪ್ರಕೃತಿಯು ಕೊಟ್ಟ ಜೀವವನ್ನೂ ಒಂದೇ ಅಕ್ಕರೆಯಿಂದ ಕಾಯುವುದು ಪ್ರತಿಯೊಬ್ಬರ ಕರ್ತವ್ಯ.