ನಿಂಬೆ ಉಪ್ಪು: ಹೆಸರಿಗೆ ಉಪ್ಪು, ಗುಣದಲ್ಲಿ ಆಮ್ಲ

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಓಡಿಬಂದರು. ಮಗುವಿನ ತುಟಿ, ನಾಲಿಗೆ ಕೆಂಪಾಗಿದ್ದವು. ಅಡುಗೆಮನೆಯ ಡಬ್ಬಿಯಲ್ಲಿದ್ದ ಬಿಳಿ ಹರಳನ್ನು ಸಕ್ಕರೆಯೆಂದು ತಿಳಿದು ಅದು ಒಂದು ಚಮಚ ಬಾಯಿಗೆ ಸುರಿದುಕೊಂಡಿತ್ತು. ‘ನಿಂಬೆ ಉಪ್ಪು ತಾನೇ ಡಾಕ್ಟ್ರೇ, ಪನೀರಿಗೆ ಹಾಕೋದೇ ಅಲ್ವಾ?’ ಎಂದರು ಜೊತೆಗೆ ಬಂದಿದ್ದ ಅಜ್ಜಿ. ಮಗು ತಕ್ಷಣ ಉಗುಳಿದ್ದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಅಜ್ಜಿಯ ಪ್ರಶ್ನೆ ಅನೇಕ ಮನೆಗಳ ಪ್ರಶ್ನೆ.

ಸಕ್ಕರೆಯಿಂದ ಹುಳಿ

ನಿಂಬೆ ಉಪ್ಪು ಉಪ್ಪಲ್ಲ. ಅದು ಸಿಟ್ರಿಕ್ ಆಮ್ಲ. 1784ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ ಇದನ್ನು ನಿಂಬೆರಸದಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ನಿಂಬೆಯಿಂದ ಬಂದದ್ದಲ್ಲ. ಹಳೆಯ ಈರುಳ್ಳಿಯ ಮೇಲೆ ಕಪ್ಪು ಬೂಷ್ಟು ಕಟ್ಟುವುದನ್ನು ನೋಡಿದ್ದೀರಲ್ಲವೆ? ಆಸ್ಪರ್ಜಿಲಸ್ ನೈಜರ್ ಎಂಬ ಆ ಬೂಷ್ಟು ಸಕ್ಕರೆಯನ್ನು ಉಂಡು ಹೇರಳವಾಗಿ ಸಿಟ್ರಿಕ್ ಆಮ್ಲ ತಯಾರಿಸುತ್ತದೆಂದು 1917ರಲ್ಲಿ ಅಮೆರಿಕದ ಜೇಮ್ಸ್ ಕರಿ ತೋರಿಸಿದ. ಅಂದಿನಿಂದ ಕಾರ್ಖಾನೆಗಳಲ್ಲಿ ಕಾಕಂಬಿ ಅಥವಾ ಜೋಳದ ಪಿಷ್ಟದ ಸಕ್ಕರೆಯೇ ಇದರ ಕಚ್ಚಾವಸ್ತು. ಶುದ್ಧೀಕರಿಸಿದ ಹರಳಿಗೂ ನಿಂಬೆಯ ಆಮ್ಲಕ್ಕೂ ವ್ಯತ್ಯಾಸವಿಲ್ಲ.

ಆದರೆ ನಿಂಬೆಹಣ್ಣಿನಲ್ಲಿರುವ ‘ಸಿ’ ಜೀವಸತ್ವ ಇದರಲ್ಲಿಲ್ಲ. ನಿಂಬೆ ಉಪ್ಪಿನ ಪಾನಕ ಕುಡಿದರೆ ಹಣ್ಣು ತಿಂದಂತಾಗದು.

ಉಪಯೋಗಗಳು

ಜಾಮ್, ಶರಬತ್ತು, ಮಿಠಾಯಿಗಳಲ್ಲಿ ಹುಳಿಗಾಗಿ ಇದನ್ನು ಬಳಸುತ್ತಾರೆ. ಪೊಟ್ಟಣದ ಮೇಲಿನ 330 ಎಂಬ ಸಂಖ್ಯೆ ಇದರದೇ. ಒಂದು ಲೀಟರ್ ಹಾಲು ಒಡೆಸಲು ನೀರಿನಲ್ಲಿ ಕರಗಿಸಿದ ಅರ್ಧ ಟೀ ಚಮಚ ಸಾಕು. ನೀರು ಕಾಯಿಸುವ ಪಾತ್ರೆಯ ಬಿಳಿ ಗಸಿಯನ್ನೂ ಇದು ಕರಗಿಸುತ್ತದೆ.

ಇದರ ಲವಣವಾದ ಸಿಟ್ರೇಟ್ ವೈದ್ಯರಿಗೂ ಬೇಕು. ವಾಂತಿಭೇದಿಗೆ ಕೊಡುವ ಓಆರ್‌ಎಸ್‌ನ ಒಂದು ಲೀಟರಿನಲ್ಲಿ 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತದೆ. ದಾನವಾಗಿ ಪಡೆದ ರಕ್ತ ಹೆಪ್ಪುಗಟ್ಟದಂತೆ ತಡೆಯುವುದೂ ಸಿಟ್ರೇಟೇ. ಮೂತ್ರದ ಕಲ್ಲು ಮರುಕಳಿಸದಂತೆ ಕೆಲವರಿಗೆ ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತೇವೆ. ಹಾಗೆಂದು ಕಲ್ಲಿನ ತೊಂದರೆಯವರು ನಿಂಬೆ ಉಪ್ಪನ್ನು ನೀರಿಗೆ ಹಾಕಿ ಕುಡಿಯತೊಡಗಬಾರದು. ಅದು ಔಷಧವಲ್ಲ.

ಎಲ್ಲಿ ಎಚ್ಚರ ಬೇಕು?

ಹಲ್ಲು: ಆಮ್ಲ ಹಲ್ಲಿನ ಹೊರಪದರವಾದ ಎನಾಮೆಲನ್ನು ಕರಗಿಸುತ್ತದೆ. ಕರಗಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಮಕ್ಕಳು ದಿನವಿಡೀ ಹುಳಿ ಮಿಠಾಯಿ ಚೀಪುವುದು ಒಳ್ಳೆಯದಲ್ಲ. ಹುಳಿ ಪಾನೀಯ ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಅರ್ಧ ಗಂಟೆಯಾದರೂ ಬ್ರಷ್ ಮಾಡಬೇಡಿ.

ಪಾತ್ರೆ: ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಾಗಲಿ ಹುಳಿ ಪದಾರ್ಥ ಇಡಬೇಡಿ, ಲೋಹ ಕರಗಿ ಆಹಾರಕ್ಕೆ ಸೇರುತ್ತದೆ.

ಶುಚಿಗೊಳಿಸುವಾಗ: ಇದನ್ನು ಎಂದಿಗೂ ಬ್ಲೀಚಿಂಗ್ ಪೌಡರಿನೊಂದಿಗೆ ಬೆರೆಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಂತೂ ಪ್ರಾಣಕ್ಕೇ ಕುತ್ತು.

ಹೋಲುವ ವಿಷ: ತುಕ್ಕಿನ ಕಲೆ ತೆಗೆಯಲು ಮಾರುವ ಆಕ್ಸಾಲಿಕ್ ಆಮ್ಲವೂ ಇಂತಹುದೇ ಬಿಳಿ ಹರಳು. ಅದು ರಕ್ತದ ಕ್ಯಾಲ್ಸಿಯಂ ಇಳಿಸಿ ಮೂತ್ರಪಿಂಡವನ್ನು ಕೆಡಿಸುವ ವಿಷ. ಅದನ್ನು ಅಡುಗೆಮನೆಯೊಳಗೆ ತರಲೇಬೇಡಿ.

ಪ್ರಥಮ ಚಿಕಿತ್ಸೆ

ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ನಂತರ ವೈದ್ಯರಿಗೆ ತೋರಿಸಿ. ಚರ್ಮಕ್ಕೆ ತಗುಲಿದರೆ ಚೆನ್ನಾಗಿ ತೊಳೆದರೆ ಸಾಕು.

ಮಗು ಬಾಯಿಗೆ ಹಾಕಿಕೊಂಡರೆ ಉಳಿದದ್ದನ್ನು ಉಗುಳಿಸಿ, ಬಾಯಿ ತೊಳೆದು, ಗುಟುಕು ಗುಟುಕಾಗಿ ನೀರು ಕುಡಿಸಿ. ವಾಂತಿ ಮಾಡಿಸಬೇಡಿ, ಬಂದ ದಾರಿಯಲ್ಲೇ ಆಮ್ಲ ಮತ್ತೊಮ್ಮೆ ಸುಡುತ್ತದೆ. ‘ಹುಳಿ ಮುರಿಯಲಿ’ ಎಂದು ಅಡುಗೆ ಸೋಡಾ ಕೊಡುವುದೂ ತಪ್ಪು. ಹೊಟ್ಟೆಯಲ್ಲಿ ಅನಿಲ ತುಂಬುತ್ತದೆ. ಜೊಲ್ಲು ಸುರಿಯುವುದು, ನುಂಗಲು ಕಷ್ಟ, ಉಸಿರಾಟದ ತೊಂದರೆ, ರಕ್ತವಾಂತಿ, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ಡಬ್ಬಿಯನ್ನೂ ಒಯ್ಯಿರಿ, ಒಳಗಿದ್ದದ್ದು ಯಾವ ಆಮ್ಲವೆಂದು ತಿಳಿದರೆ ಚಿಕಿತ್ಸೆ ಸುಲಭ.

ಇಷ್ಟಕ್ಕೂ ಆ ದಿನದ ತಪ್ಪು ನಿಂಬೆ ಉಪ್ಪಿನದಲ್ಲ. ಸಕ್ಕರೆ ಡಬ್ಬಿಯಂತಹುದೇ ಡಬ್ಬಿ, ಅದರ ಪಕ್ಕದಲ್ಲೇ ಜಾಗ, ಮೇಲೆ ಹೆಸರಿಲ್ಲ. ಇಂದೇ ನಿಮ್ಮ ಅಡುಗೆಮನೆಯ ಬಿಳಿ ಪುಡಿಗಳನ್ನೆಲ್ಲ ಹೊರತೆಗೆದು ನೋಡಿ. ನಿಂಬೆ ಉಪ್ಪನ್ನು ಬಿಗಿ ಮುಚ್ಚಳದ ಗಾಜಿನ ಶೀಶೆಗೆ ಹಾಕಿ, ದಪ್ಪಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿ. ಏನೆಂದು ಗುರುತಾಗದ ಪುಡಿಯನ್ನು ರುಚಿ ನೋಡಿ ಪರೀಕ್ಷಿಸಬೇಡಿ, ಹೊರಗೆ ಚೆಲ್ಲಿಬಿಡಿ.