ಸ್ನೂಪ್: ಕದ್ದು ತಿನ್ನುವುದರಿಂದ ಕದ್ದು ನೋಡುವವರೆಗೆ



ಫೋನ್ ಕದ್ದಾಲಿಕೆಯ ಸುದ್ದಿ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಹೆಚ್ಚಾಗಿ ಬಳಸುವ ಕ್ರಿಯಾಪದ ‘ಸ್ನೂಪ್’. ಅದರ ಅರ್ಥ, ಹುಟ್ಟು ಮತ್ತು ಸಮಾನಾರ್ಥಕ ಪದಗಳನ್ನು ಈ ಸಂಚಿಕೆಯಲ್ಲಿ ನೋಡೋಣ.

ಅರ್ಥ: ಇನ್ನೊಬ್ಬರ ಖಾಸಗಿ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ, ಅವರಿಗೆ ಗೊತ್ತಾಗದಂತೆ ತಿಳಿಯಲು ನೋಡುವುದು. ‘ಸ್ನೂಪ್ ಅರೌಂಡ್’ ಎಂದರೆ ಒಂದು ಜಾಗದಲ್ಲಿ ಸುತ್ತಾಡಿ ತಡಕುವುದು. ‘ಸ್ನೂಪ್ ಆನ್’ ಎಂದರೆ ಒಬ್ಬರ ಮೇಲೆ ಕದ್ದು ಕಣ್ಣಿಡುವುದು. ಹಾಗೆ ಮಾಡುವವರು ‘ಸ್ನೂಪರ್’.

ಹುಟ್ಟು: ಡಚ್ ಭಾಷೆಯ ‘ಸ್ನೂಪನ್’ ಎಂಬ ಪದಕ್ಕೆ ಸಿಹಿತಿಂಡಿಯನ್ನು ಕದ್ದು ತಿನ್ನುವುದು ಎಂದರ್ಥ. ಅಮೆರಿಕದಲ್ಲಿ ಡಚ್ಚರು ಕಟ್ಟಿದ ನ್ಯೂ ಆಮ್‌ಸ್ಟರ್‌ಡ್ಯಾಮ್ 1664ರಲ್ಲಿ ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆಯಿತು. ಡಚ್ಚರ ಈ ಪದ 19ನೇ ಶತಮಾನದಲ್ಲಿ ಅಮೆರಿಕದ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಅಮ್ಮಿ ಮುಚ್ಚಿಟ್ಟ ಮಿಠಾಯಿ ಡಬ್ಬಕ್ಕೆ ಕೈಹಾಕುವ ಪದ, ಬರಬರುತ್ತಾ ಬೇರೆಯವರ ಬದುಕಿಗೇ ಕೈಹಾಕುವ ಪದವಾಯಿತು.

ಸಮಾನಾರ್ಥಕಗಳು: ಇವುಗಳ ಅರ್ಥ ಪೂರ್ತಿ ಒಂದೇ ಅಲ್ಲ.
‘ಪ್ರೈ’ – ಕೆದಕಿ ಕೇಳುವುದು. ಇದನ್ನು ಎದುರಿಗೇ ಮಾಡಬಹುದು: “ಸಂಬಳ ಎಷ್ಟು? ಮದುವೆ ಯಾವಾಗ?”
‘ಪೀಪ್’ – ಇಣುಕಿ ನೋಡುವುದು.
‘ಸ್ಪೈ’ – ಗೂಢಚಾರಿಕೆ ಮಾಡುವುದು.
‘ಈವ್ಸ್‌ಡ್ರಾಪ್’ – ಕದ್ದು ಕೇಳುವುದು. ಸೂರಿನ ನೀರು ತೊಟ್ಟಿಕ್ಕುವ ಜಾಗದಲ್ಲಿ ನಿಂತು ಒಳಗಿನ ಮಾತು ಕೇಳುವವನಿಂದ ಈ ಪದ ಬಂದಿದೆ. ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಮಾರಿಕುಪ್ಪಂನ ಗಣಿ ಲೈನ್ ಮನೆಗಳಲ್ಲಿ ಅಷ್ಟು ಕಷ್ಟವೂ ಬೇಡ! ಗೋಡೆಗೂ ಕಿವಿ ಇದೆ ಎಂಬ ಮಾತು ಕನ್ನಡದಲ್ಲೂ ಉರ್ದುವಿನಲ್ಲೂ ಇದೆ.

ನಮ್ಮ ಮನೆಮಾತು ಉರ್ದುವಿನಲ್ಲಿ ಇದಕ್ಕೆ ‘ಜಾಸೂಸಿ’ ಎನ್ನುತ್ತಾರೆ. ಅದೇ ಅರಬ್ಬಿ ಮೂಲದಿಂದ ‘ತಜಸ್ಸುಸ್’ ಎಂಬ ಪದವೂ ಬಂದಿದೆ. ಉರ್ದುವಿನಲ್ಲಿ ಅದಕ್ಕೆ ಕುತೂಹಲ ಎಂಬ ಒಳ್ಳೆಯ ಅರ್ಥವಿದೆ. ಅರಬ್ಬಿಯಲ್ಲಿ ಇನ್ನೊಬ್ಬರ ಗುಟ್ಟು ಹುಡುಕುವುದು ಎಂಬ ಅರ್ಥ. ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯದ 12ನೇ ವಚನ ಬೇಡವೆನ್ನುವುದು ಇದನ್ನೇ.

ಹಾಗಾದರೆ ನೋಡುವುದೆಲ್ಲ ಸ್ನೂಪಿಂಗ್ ಆಗುತ್ತದೆಯೇ? ಕಾಮರ್ಸ್ ವಿದ್ಯಾರ್ಥಿಗಳು ಆಡಿಟರನ್ನು ನೆನೆಯಿರಿ. ಕಂಪನಿಯ ಲೆಕ್ಕಪುಸ್ತಕಗಳನ್ನು ಯಾವಾಗ ಬೇಕಾದರೂ ನೋಡುವ ಹಕ್ಕನ್ನು 2013ರ ಕಂಪನಿ ಕಾಯ್ದೆಯ 143ನೇ ಕಲಂ ಅವರಿಗೆ ಕೊಟ್ಟಿದೆ. ಅವರು ಹೇಳಿಯೇ ಬರುತ್ತಾರೆ, ವರದಿಗೆ ಸಹಿ ಹಾಕುತ್ತಾರೆ. ಅದು ಪರಿಶೀಲನೆ. ಹಕ್ಕೂ ಇಲ್ಲದೆ, ಹೇಳದೆಯೂ ನೋಡಿದರೆ ಅದು ಸ್ನೂಪಿಂಗ್.

ನಮ್ಮ ರಾಜ್ಯದಲ್ಲಿ ಈ ಆರೋಪಕ್ಕೆ ಕುರ್ಚಿಯೇ ಹೋಗಿದೆ. ಫೋನ್ ಕದ್ದಾಲಿಕೆ ವಿವಾದದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ನೀಡಿತು.

ಈ ಪದ ನಮ್ಮ ಮನೆಗಳ ಒಳಗೂ ಇದೆ. ಐದು ಜನರಿರುವ ನಮ್ಮ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ಒಮ್ಮೆ ಬಂಧುವೊಬ್ಬರು ಆಪಾಗೆ ಬಂದ ಮೆಸೇಜುಗಳನ್ನು ಅವಳಿಗೆ ಹೇಳದೆ ಓದಿದರು. “ನಿನ್ನ ಒಳ್ಳೆಯದಕ್ಕೇ” ಎಂದರು. ಅದರಲ್ಲಿದ್ದದ್ದು ಕೆಲಸದ ಇಂಟರ್‌ವ್ಯೂ ವಿಷಯ, ಅಷ್ಟೇ. ಆದರೂ ಆಮೇಲೆ ಆಪಾ ಗೆಳತಿಯರಿಗೆ ಬರೆಯುವುದನ್ನೇ ಕಡಿಮೆ ಮಾಡಿದಳು. ಅಬ್ಬಾ ಮಾತ್ರ “ಯಾರ ಮೆಸೇಜಮ್ಮಾ?” ಎಂದು ಎದುರಿಗೇ ಕೇಳುತ್ತಾರೆ. ಅವಳು ತಾನಾಗಿಯೇ ಫೋನ್ ಅವರ ಕೈಗೆ ಕೊಡುತ್ತಾಳೆ.

ಕಾಳಜಿ ಇದ್ದವರು ಕೇಳಬಹುದು. ಕೇಳಿದರೆ ಉತ್ತರವೂ ಸಿಗುತ್ತದೆ, ನಂಬಿಕೆಯೂ ಉಳಿಯುತ್ತದೆ. ಮುಂದಿನ ಸಲ ಪಕ್ಕದವರ ಫೋನಿನ ಮೇಲೆ ಕಣ್ಣು ಹೋದಾಗ ಈ ಡಚ್ ಪದವನ್ನು ನೆನೆಯಿರಿ: ಅದು ನಮ್ಮ ತಟ್ಟೆಯ ಮಿಠಾಯಿ ಅಲ್ಲ.