ಕರಗಿದರೂ ಹರಿಯದ ಪ್ಲಾಸ್ಟಿಕ್ಕು

ನಮ್ಮ ವಾಚನಾಲಯಕ್ಕೆ ಬರುವ ಫಿಟ್ಟರ್ ಬಂಧುವೊಬ್ಬರು ಕೇಳಿದರು: "ನಲ್ಲಿಯ ಥ್ರೆಡ್ಡಿಗೆ ಸುತ್ತುವ ಬಿಳಿ ಟೆಫ್ಲಾನ್ ಪಟ್ಟಿಯ ಚೂರುಗಳನ್ನು ಕರಗಿಸಿ ವಾಷರ್ ಎರೆಯಲು ಬಾರದೇ?" ಆಗಲೇ ಒಮ್ಮೆ ಸ್ಟವ್ವಿನ ಮೇಲಿಟ್ಟು ನೋಡಿದ್ದರಂತೆ. ವಾಷರ್ ಆಗಲಿಲ್ಲ, ರಾತ್ರಿ ಚಳಿಜ್ವರ ಬಂತು. ಬಂಧುಗಳೇ, ಯಾರೂ ಹಾಗೆ ಮಾಡಕೂಡದು. ಅತಿಯಾಗಿ ಕಾದ ಟೆಫ್ಲಾನಿನ ಹೊಗೆ ವಿಷ. ಹೊಗೆ ಕುಡಿದವರಿಗೆ ಜ್ವರ, ಎದೆಬಿಗಿತ. ಪಂಜರದ ಗಿಳಿಗಳಿಗೆ ಸಾವು.

ಟೆಫ್ಲಾನ್ 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ಟರಿಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು. ಇಂಗಾಲದ ಉದ್ದ ಸರಪಳಿ, ಅದಕ್ಕೆ ಫ್ಲೋರಿನ್ನಿನ ಕವಚ. ಸುಮಾರು 327 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ, ಆದರೆ ಹರಿಯುವುದಿಲ್ಲ. ಸರಪಳಿಗಳು ಅಷ್ಟು ಉದ್ದ, ಅಷ್ಟು ತೊಡಕು. ಆದುದರಿಂದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಂಬಾರನು ಮಡಕೆ ಸುಡುವಂತೆ ಕಾಯಿಸುತ್ತಾರೆ. ಎಫ್.ಇ.ಪಿ. ಎಂಬ ಅದರ ತಮ್ಮನು ಸುಮಾರು 260 ಡಿಗ್ರಿಗೆ ಕರಗಿ ಹರಿಯುತ್ತಾನೆ. ಆದರೂ ಪಾಕ ಗಟ್ಟಿ. ಅವಸರದಿಂದ ದಬ್ಬಿದರೆ ಮೈ ಒರಟಾಗುತ್ತದೆ, ಬಿಸಿ ಏರಿಸಿದರೆ ಮತ್ತೆ ಹೊಗೆಯ ಭಯ.

ಇಲ್ಲಿ ನೆರವಿಗೆ ಬರುವುದು ಸೋಡಾ ಬುಡ್ಡಿಯೊಳಗಿನ ಇಂಗಾಲಾಮ್ಲ ವಾಯು. ಅದರ ಶಾಖ 31 ಡಿಗ್ರಿಯನ್ನೂ ಒತ್ತಡವು ಸುಮಾರು 73 ವಾಯುಮಂಡಲವನ್ನೂ ಮೀರಿದರೆ ಅದು ಅತ್ತ ವಾಯುವೂ ಅಲ್ಲ, ಇತ್ತ ದ್ರವವೂ ಅಲ್ಲ. ದ್ರವದ ಹಾಗೆ ದಟ್ಟ, ವಾಯುವಿನ ಹಾಗೆ ನುಸುಳುವ ಗುಣ. (31 ಡಿಗ್ರಿ ಮುಂಬಯಿಯವರಾದ ನಮಗೆ ಹೊಸದಲ್ಲ, ದುಬಾರಿಯಾದದ್ದು ಒತ್ತಡ!) ಯಂತ್ರದಲ್ಲಿ ಈ ಸ್ಥಿತಿಯ ವಾಯುವನ್ನು ಕರಗಿದ ಪ್ಲಾಸ್ಟಿಕ್ಕಿಗೆ ಸೇರಿಸಿದರೆ ಸರಪಳಿಗಳ ನಡುವೆ ಹೊಕ್ಕು ಅವನ್ನು ಸಡಿಲಿಸುತ್ತದೆ. ಗಟ್ಟಿಯಾದ ಬೆಲ್ಲದ ಪಾಕಕ್ಕೆ ನಮ್ಮ ತಾಯಂದಿರು ಚೂರು ನೀರು ಚಿಮುಕಿಸಿದಂತೆಯೇ. ಪಾಕ ತೆಳುವಾದರೆ ಕಡಿಮೆ ಶಾಖದಲ್ಲೇ ಕೆಲಸ ಸಾಗುತ್ತದೆ, ಕೆಲಸಗಾರನ ಎದೆಗೂ ಕ್ಷೇಮ. ಒತ್ತಡ ಇಳಿಸಿದಾಗ ವಾಯು ತಾನೇ ಹೊರಟುಹೋಗುತ್ತದೆ. ತೊಳೆಯುವ, ಒಣಗಿಸುವ ತಾಪತ್ರಯವಿಲ್ಲ. ಥಟ್ಟನೆ ಇಳಿಸಿದರೆ ಮಾತ್ರ ಒಳಗೆ ಗುಳ್ಳೆಗಳೆದ್ದು ಇಡ್ಲಿಯಂತೆ ಉಬ್ಬುತ್ತದೆ. ಹಗುರವಾದ ಮಾಲು ಬೇಕಾದವರು ಬೇಕೆಂದೇ ಹಾಗೆ ಮಾಡುತ್ತಾರೆ.

1992ರಲ್ಲಿ ಅಮೆರಿಕದ ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದ ಜೋಸೆಫ್ ಡಿಸಿಮೋನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಇಂಥ ವಾಯುವಿನೊಳಗೇ ಫ್ಲೋರಿನ್ ಪ್ಲಾಸ್ಟಿಕ್ಕನ್ನು ತಯಾರಿಸಿ ತೋರಿಸಿದರು.

ಮೂಲ ಟೆಫ್ಲಾನ್ ಮಾತ್ರ ಇದಕ್ಕೂ ಸುಲಭವಾಗಿ ಮಣಿಯದು. ಸ್ವಲ್ಪ ಮೆತ್ತಗಾದೀತು, ಎಣ್ಣೆಯಂತೆ ಹರಿಯದು. ನಮ್ಮ ಫಿಟ್ಟರ್ ಬಂಧುಗಳು ಈಗ ಟೆಫ್ಲಾನ್ ಹಾಳೆ ಕೊಂಡು, ಪಂಚಿನಿಂದ ವಾಷರ್ ಕತ್ತರಿಸಿಕೊಳ್ಳುತ್ತಿದ್ದಾರೆ.